ಗೆರೆಗೊಂದು ಬೆಲೆ



ಇವತ್ತು ಒಂದು ಉಕ್ಕಿನ ಸಲಾಕೆಯ ಬಗ್ಗೆ ಮಾತಾಡಲು ಬಂದಿದ್ದೇನೆ. ಯಂತ್ರದ ಹೊಟ್ಟೆಯೊಳಗೆ ತಿರುಗುವ ಸಲಾಕೆ ಅದು. ನಮ್ಮ ಗ್ಯಾರೇಜು, ಮಿಲ್ಲು, ಮೋಟಾರು ರಿಪೇರಿ ಅಂಗಡಿಗಳಲ್ಲಿ ಅದಕ್ಕೆ ಶಾಫ್ಟ್ ಎಂದೇ ಹೆಸರು. ನಾನೂ ಹಾಗೇ ಕರೆಯುತ್ತೇನೆ. ಶಾಫ್ಟನ್ನು ಎಷ್ಟು ಸರಳವಾಗಿ ರಚಿಸುತ್ತೇವೋ ಅಷ್ಟು ಕಡಿಮೆ ಖರ್ಚಿನಲ್ಲಿ ಮಾಡಬಹುದು, ಅಷ್ಟು ಸುಲಭವಾಗಿ ಜೋಡಿಸಬಹುದು, ಮುರಿದಾಗ ಅಷ್ಟು ಬೇಗ ಮತ್ತೊಂದನ್ನು ಮಾಡಿಸಿ ತರಬಹುದು. ಈ ಮಾತು ಪುಸ್ತಕದಲ್ಲಿದೆ. ನಾನು ಪಾಲಿಟೆಕ್ನಿಕ್ಕಿನಲ್ಲಿ ವರ್ಷಗಟ್ಟಲೆ ಅದನ್ನು ಪಾಠ ಹೇಳಿದ್ದೇನೆ. ಆದರೆ ಅದು ನನಗೆ ಮನದಟ್ಟಾದದ್ದು ಸೆಟ್ಟೂರಿನ ಒಂದು ಮಳೆಗಾಲದಲ್ಲಿ.

ಸೆಟ್ಟೂರು ಅನಂತಪುರ ಜಿಲ್ಲೆಯ ಒಂದು ಮಂಡಲ ಕೇಂದ್ರ, ಕಲ್ಯಾಣದುರ್ಗದ ಸೀಮೆಗೆ ಸೇರಿದ್ದು. ಅಲ್ಲಿಂದ ಪಡುವಣಕ್ಕೆ ಹೊರಟರೆ ಬೇಗನೆ ಕರ್ನಾಟಕದ ಗಡಿ ಸಿಗುತ್ತದೆ. ಆಚೆಗೆ ಚಳ್ಳಕೆರೆ ಸೀಮೆ. ನಮ್ಮಂಥವರ ಮನೆಯೊಳಗೆ ಕನ್ನಡ, ಕಚೇರಿಯಲ್ಲಿ ತೆಲುಗು, ಸಂತೆಯಲ್ಲಿ ಎರಡೂ. ಕೆಂಪು ಮಣ್ಣು, ಮಳೆಯನ್ನೇ ನಂಬಿದ ಬೇಸಾಯ, ಬೆಳೆ ಮುಖ್ಯವಾಗಿ ಶೇಂಗಾ. ದೇಶದಲ್ಲೇ ಅತಿ ಕಡಿಮೆ ಮಳೆ ಬೀಳುವ ಜಿಲ್ಲೆಗಳಲ್ಲಿ ಅನಂತಪುರ ಒಂದು. ವರ್ಷಕ್ಕೆ ಸರಾಸರಿ 550 ಮಿ.ಮೀ. ಆಸುಪಾಸು. ಹಾಗಾಗಿ ಅಲ್ಲಿ ಬಿತ್ತನೆಯ ಹದ ಎಂದರೆ ಕೆಲವೇ ದಿನ. ನೆಲ ಒಣಗಿತೆಂದರೆ ಮುಂದಿನ ಮಳೆ ಯಾವಾಗಲೋ ಯಾರೂ ಹೇಳಲಾರರು.

ಶೇಂಗಾ ಬೀಜವನ್ನು ರೈತರು ಕಾಯಿಯಾಗಿಯೇ ಕೂಡಿಡುತ್ತಾರೆ. ಸಿಪ್ಪೆಯೊಳಗಿದ್ದರೆ ಹುಳ ಬೇಗ ಮುಟ್ಟುವುದಿಲ್ಲ, ಮೊಳೆಯುವ ಕಸುವು ಉಳಿಯುತ್ತದೆ. ಬಿತ್ತನೆ ಹತ್ತಿರ ಬಂದಾಗಲೇ ಒಡೆಸುವುದು. ಮೋಡ ಕಟ್ಟಿತೆಂದರೆ ಶೇಂಗಾ ಒಡೆಯುವ ಯಂತ್ರಕ್ಕೆ ಹಗಲೂ ರಾತ್ರಿಯೂ ಕೆಲಸ.

ನಮ್ಮಣ್ಣ ಅಂಥದೊಂದು ಯಂತ್ರ ಇಟ್ಟುಕೊಂಡಿದ್ದಾನೆ. ಮೂರು ಎಚ್.ಪಿ. ಮೋಟಾರು, ಬೆಲ್ಟು, ದೊಡ್ಡ ಪುಲ್ಲಿ. ಒಳಗೆ ಒಂದು ಡ್ರಮ್ಮು ಜರಡಿಯ ಮೇಲೆ ತಿರುಗುತ್ತದೆ. ಕಾಯಿ ಆ ಎರಡರ ನಡುವೆ ಸಿಕ್ಕು ಒಡೆದು, ಬೀಜ ಕೆಳಗೆ ಬೀಳುತ್ತದೆ, ಸಿಪ್ಪೆಯನ್ನು ಗಾಳಿ ಹಾರಿಸುತ್ತದೆ. ಕೆಲವು ವರ್ಷಗಳ ಹಿಂದೆ, ಎರಡು ಮಳೆ ಬಿದ್ದು ಊರೆಲ್ಲ ಬಿತ್ತನೆಗೆ ಸಜ್ಜಾಗಿದ್ದಾಗ ಅಣ್ಣ ಫೋನು ಮಾಡಿದ. "ಮಿಷನ್ನಿನ ಶಾಫ್ಟು ಮುರಿದೈತೆ ಕಣೋ. ಹದ ಹೋಗ್ತಾ ಐತೆ. ನೀನು ಮಿಷನ್ನಿನ ಪಾಠ ಹೇಳೋನು, ಬಂದು ನೋಡು." ಹೋದೆ. ಮುರಿದ ಎರಡು ತುಂಡನ್ನೂ ಗೋಣಿಚೀಲದಲ್ಲಿ ಸುತ್ತಿಕೊಂಡು ಕಲ್ಯಾಣದುರ್ಗದ ಒಂದು ಲೇತ್ ಅಂಗಡಿಗೆ ಇಬ್ಬರೂ ಹೋದೆವು.

ಅಲ್ಲಿಯ ಟರ್ನರ್ ಮೇಸ್ತ್ರಿ ತುಂಡುಗಳನ್ನು ಬೆಂಚಿನ ಮೇಲೆ ಉದ್ದಕ್ಕೆ ಜೋಡಿಸಿಟ್ಟು, ವರ್ನಿಯರ್ ಹಿಡಿದು ಒಂದು ತುದಿಯಿಂದ ಅಳೆಯುತ್ತ ಹೋದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: "ಮೇಷ್ಟ್ರೆ, ಮಾಡಿಕೊಡ್ತೀನಿ, ಇಲ್ಲ ಅನ್ನಲ್ಲ. ಆದ್ರೆ ಇದರಾಗೆ ಏಳು ಸೈಜು ಐತೆ. ಎರಡು ಕಡೆ ಥ್ರೆಡ್ಡು, ಅದರಾಗೊಂದು ಉಲ್ಟಾ ಥ್ರೆಡ್ಡು. ಕೀವೇ ಮೂರು, ಮೂರೂ ಬೇರೆ ಬೇರೆ ಅಗಲ. ಯಾಕೆ ಹಿಂಗೆ?"

ನನ್ನ ಹತ್ತಿರ ಉತ್ತರವಿರಲಿಲ್ಲ. ಯಂತ್ರವನ್ನು ರಚಿಸಿದವರು ಆ ಏಳು ವ್ಯಾಸಗಳನ್ನು ಯಾಕೆ ಕೊಟ್ಟರೆಂದು ನಾನು ಆವರೆಗೆ ಕೇಳಿಕೊಂಡಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ ಸಂಗತಿ ಬೇರೆ. ನನ್ನ ತರಗತಿಯಲ್ಲಿ ಹುಡುಗರು ಶಾಫ್ಟಿನ ನಕ್ಷೆ ಬರೆದಾಗ, ದಪ್ಪ ಬದಲಾಗುವ ಹೆಚ್ಚು ಮೆಟ್ಟಿಲು, ಹೆಚ್ಚು ತೋಡು, ಹೆಚ್ಚು ಥ್ರೆಡ್ ತೋರಿಸಿದವರಿಗೆ ನಾನು ಹೆಚ್ಚು ಅಂಕ ಕೊಟ್ಟಿದ್ದೆ. ಅದು ಜಾಣತನದ ಗುರುತು ಎಂದುಕೊಂಡಿದ್ದೆ.

ಆ ಶಾಫ್ಟ್ ಮಾಡಲು 50 ಮಿ.ಮೀ. ದಪ್ಪದ ಸಲಾಕೆ ಬೇಕಿತ್ತು. ಅದು ಅಂಗಡಿಯಲ್ಲಿ ಇರಲಿಲ್ಲ, ಹೊರಗಿನಿಂದ ತರಿಸಬೇಕಾಯಿತು. ತಂದ ಮೇಲೆ ಒಂದು ಪೂರ್ತಿ ಹಗಲು ಲೇತಿನ ಕೆಲಸ, ಮತ್ತರ್ಧ ದಿನ ಕೀವೇಗೆ. ಶಾಫ್ಟ್ ಹಿಡಿದು ನಾವು ಊರು ಸೇರುವಷ್ಟರಲ್ಲಿ ಕೆಲವು ಮನೆಯವರು ಜಗುಲಿಯ ಮೇಲೆ ಕೂತು ಕೈಯಲ್ಲೇ ಸಿಪ್ಪೆ ಬಿಡಿಸಿ, ಆದಷ್ಟು ಬಿತ್ತಿ ಮುಗಿಸಿದ್ದರು. ಉಳಿದವರ ಹೊಲದ ಹದ ಆರಿತ್ತು.

ಕೇಳುಗರೆ, ಶಾಫ್ಟ್ ಏನೆಂದು ಗೊತ್ತಿಲ್ಲದವರಿಗಾಗಿ ಎರಡು ಮಾತು. ಎತ್ತಿನ ಗಾಡಿಯ ಅಚ್ಚನ್ನು ನೆನಪಿಗೆ ತಂದುಕೊಳ್ಳಿ. ಅಲ್ಲಿ ಅಚ್ಚು ನಿಂತಿರುತ್ತದೆ, ಗಾಲಿ ಅದರ ಮೇಲೆ ತಿರುಗುತ್ತದೆ. ಯಂತ್ರದ ಶಾಫ್ಟಿನಲ್ಲಿ ಸಲಾಕೆಯೇ ತಿರುಗುತ್ತದೆ, ತನ್ನ ಮೇಲೆ ಕೂತ ಪುಲ್ಲಿಯನ್ನೂ ಡ್ರಮ್ಮನ್ನೂ ತಿರುಗಿಸುತ್ತದೆ. ಗಾಡಿಯ ಅಚ್ಚಿನಲ್ಲಿ ನಮ್ಮ ಬಡಗಿ, ಕಮ್ಮಾರರು ತಲೆಮಾರುಗಳಿಂದ ಪಾಲಿಸಿದ ಒಂದು ವಿವೇಕವಿದೆ. ಗಾಲಿ ಹೊರಗಿನಿಂದ ಬರುತ್ತದೆ, ಅಚ್ಚಿನ ಮೇಲೆ ಜಾರುತ್ತದೆ, ತುದಿಗೆ ಒಂದು ಕಡಾಣಿ. ಕಡಾಣಿ ಕಿತ್ತರೆ ಗಾಲಿ ಕೈಗೆ ಬರುತ್ತದೆ. ಕೀಲೆಣ್ಣೆ ಸವರಿ, ಗಾಲಿ ಏರಿಸಿ, ಕಡಾಣಿ ಬಡಿದರೆ ಗಾಡಿ ಹೊರಟಿತು. ನಡುದಾರಿಯಲ್ಲಿ ಒಬ್ಬ ಗಾಡಿ ಹೊಡೆಯುವವನೇ ಇಷ್ಟನ್ನೂ ಮಾಡಬಲ್ಲ. ಸುಲಭವಾಗಿ ಜೋಡಿಸಲಾಗುವ ರಚನೆ ಎಂದು ಇವತ್ತು ಕಾಲೇಜುಗಳಲ್ಲಿ ಕಲಿಸುವುದು ಇದನ್ನೇ.

ಸುಗ್ಗಿ ಮುಗಿದ ಮೇಲೆ ನಾನು ಮತ್ತೆ ಕಲ್ಯಾಣದುರ್ಗಕ್ಕೆ ಹೋದೆ. ಮೇಸ್ತ್ರಿಯವರ ಲೇತ್ ಹರಿಹರದಲ್ಲಿ ತಯಾರಾದದ್ದು. 1941ರಲ್ಲಿ ಅಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯದು. ಆ ಲೇತಿನ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು, ಹಳೆಯ ಶಾಫ್ಟಿನ ಒಂದೊಂದು ಗೆರೆಯನ್ನೂ ಇಬ್ಬರೂ ವಿಚಾರಿಸಿದೆವು. ಇದು ಯಾಕೆ ಇದೆ? ಇಲ್ಲದಿದ್ದರೆ ಏನಾಗುತ್ತದೆ?

ಮೊದಲು ಮುರಿದ ಜಾಗ ನೋಡಿದೆವು. ನಡುಭಾಗ 48 ಮಿ.ಮೀ. ದಪ್ಪವಿತ್ತು. ಬೇರಿಂಗ್ ಕೂರುವಲ್ಲಿ 30, ಪುಲ್ಲಿ ಕೂರುವ ತುದಿಯಲ್ಲಿ 25. ಮುರಿದಿದ್ದು 30ರಿಂದ 25ಕ್ಕೆ ಇಳಿಯುವ ಮೆಟ್ಟಿಲಿನ ಮೂಲೆಯಲ್ಲಿ. ಯೋಚಿಸಿ: ಮೋಟಾರಿನ ಬಲವೆಲ್ಲ ಶಾಫ್ಟಿನೊಳಗೆ ಬರುವುದು ಪುಲ್ಲಿಯ ತುದಿಯಿಂದ. ಬೆಲ್ಟು ಎಳೆದು ಬಾಗಿಸುವುದೂ ಅದೇ ತುದಿಯನ್ನು. ನಡುಭಾಗದಲ್ಲಿ ಇರುವುದು ಹಗುರವಾದ ಡ್ರಮ್ಮು. ಹೊರೆ ಕಡಿಮೆ ಇರುವಲ್ಲಿ ದಪ್ಪ ಉಕ್ಕು, ಹೊರೆ ಹೆಚ್ಚಿರುವಲ್ಲಿ ತೆಳು ಉಕ್ಕು. ಏಳು ಅಳತೆಗೆ ಕಡಿದು, ಕಾಸು ಸುರಿದು, ಕೊನೆಗೆ ಬಲ ಬೇಕಾದ ಕಡೆಯೇ ಶಾಫ್ಟನ್ನು ಸೊರಗಿಸಿದ್ದರು.

ಲೆಕ್ಕ ಹಾಕಿದೆವು. ಮೂರು ಎಚ್.ಪಿ. ಎಂದರೆ ಸುಮಾರು 2.2 ಕಿಲೋವಾಟ್. ಶಾಫ್ಟ್ ನಿಮಿಷಕ್ಕೆ 200 ಸುತ್ತು ಸುತ್ತಿದರೆ ಅದರ ಮೇಲೆ ಬೀಳುವ ತಿರುಚುಬಲ ಸುಮಾರು 105 ನ್ಯೂಟನ್-ಮೀಟರ್. ಇನ್ನು ಶಾಫ್ಟಿನ ತಾಳಿಕೆ ವ್ಯಾಸದ ಘನಕ್ಕೆ ತಕ್ಕಂತೆ ಏರುತ್ತದೆ. ವ್ಯಾಸ ಇಮ್ಮಡಿಯಾದರೆ ತಾಳಿಕೆ ಎಂಟು ಪಟ್ಟು. 25 ಮಿ.ಮೀ. ಬದಲು 35 ಇದ್ದರೆ ತಾಳಿಕೆ ಸುಮಾರು ಎರಡೂ ಮುಕ್ಕಾಲು ಪಟ್ಟು. ಹಾಗಾದರೆ ಇಡೀ ಶಾಫ್ಟನ್ನು ಈ ತುದಿಯಿಂದ ಆ ತುದಿಯವರೆಗೆ 35 ಮಿ.ಮೀ. ಒಂದೇ ದಪ್ಪ ಇಟ್ಟರೇನು?

ಆ ಪ್ರಶ್ನೆಯಿಂದ ಎಲ್ಲವೂ ಬದಲಾಯಿತು. 35 ಮಿ.ಮೀ. ಬ್ರೈಟ್ ಬಾರ್ ಮಾರುಕಟ್ಟೆಯಲ್ಲಿ ಸಿದ್ಧವಾಗಿಯೇ ಸಿಗುತ್ತದೆ. ಕಾರ್ಖಾನೆಯಲ್ಲಿ ತಣ್ಣಗೆ ಎಳೆದು ನುಣುಪು ಮಾಡಿದ ಸಲಾಕೆ ಅದು. ಸಾಮಾನ್ಯವಾಗಿ ಸಿಗುವ ದರ್ಜೆಯಲ್ಲಿ ಅದರ ವ್ಯಾಸ 35ಕ್ಕಿಂತ ಹೆಚ್ಚಿರುವುದಿಲ್ಲ, ಕಡಿಮೆಯಾದರೂ ಆ ವ್ಯತ್ಯಾಸ 0.062 ಮಿ.ಮೀ. ಮೀರುವುದಿಲ್ಲ. ನಮ್ಮ ಯಂತ್ರದ ನಿಧಾನ ವೇಗಕ್ಕೆ ಅಷ್ಟು ನಿಖರತೆ ಧಾರಾಳ ಸಾಕು. ಅಂದರೆ ಹೊರಮೈಯನ್ನು ಲೇತಿನಲ್ಲಿ ಕಡಿಯುವ ಕೆಲಸವೇ ಇಲ್ಲ. ಹಳೆಯ ಶಾಫ್ಟಿಗೆ 90 ಸೆಂ.ಮೀ. ಉದ್ದದ 50 ಮಿ.ಮೀ. ಸಲಾಕೆ ಬೇಕಿತ್ತು, ತೂಕ ಸುಮಾರು 14 ಕೆ.ಜಿ. ಅದೇ ಉದ್ದದ 35 ಮಿ.ಮೀ. ಸಲಾಕೆ ಏಳು ಕೆ.ಜಿ.ಯನ್ನೂ ಮುಟ್ಟುವುದಿಲ್ಲ. ಉಕ್ಕು ಅರ್ಧವಾಯಿತು, ಮುರಿದ ಜಾಗದ ಬಲ ಎರಡೂವರೆ ಪಟ್ಟಿಗೂ ಮೀರಿತು.

ಮುಂದಿನದು ಬೇರಿಂಗ್. ಹಳೆಯದರಲ್ಲಿ ಬೇರಿಂಗನ್ನು ಬಿಗಿಯಾಗಿ ಒತ್ತಿ ಕೂರಿಸಿ, ಪಕ್ಕಕ್ಕೆ ಜಾರದಂತೆ ಮೆಟ್ಟಿಲು ಕಡಿದು, ಇನ್ನೊಂದು ಕಡೆ ಥ್ರೆಡ್ ಹಾಕಿ ನಟ್ಟು ಬಿಗಿದಿದ್ದರು. ಹೊಸದಕ್ಕೆ 207 ನಂಬರಿನ ಪ್ಲಮ್ಮರ್ ಬ್ಲಾಕ್, ಅಂದರೆ ಬೇರಿಂಗ್ ಸಮೇತ ಬರುವ ಗೂಡು, ತಂದೆವು. ಬೇರಿಂಗ್ ನಂಬರಿನ ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿದರೆ ಶಾಫ್ಟಿನ ವ್ಯಾಸ ಬರುತ್ತದೆ: ಏಳೈದು ಮೂವತ್ತೈದು. ನಾಲ್ಕಕ್ಕಿಂತ ಚಿಕ್ಕ ಅಂಕಿಗೆ ಈ ಲೆಕ್ಕ ಹೊಂದದು. ನಾಲ್ಕರಿಂದ ಮೇಲೆ ಸರಿ. ಆ ಬ್ಲಾಕಿನೊಳಗಿನ ಬೇರಿಂಗ್ ಸಾದಾ ಸಲಾಕೆಯ ಮೇಲೆ ಕೈಯಿಂದಲೇ ಜಾರುತ್ತದೆ, ಎರಡು ಗ್ರಬ್ ಸ್ಕ್ರೂ, ಅಂದರೆ ತಲೆಯಿಲ್ಲದ ಸ್ಕ್ರೂ, ಬಿಗಿದರೆ ಹಿಡಿದು ನಿಲ್ಲುತ್ತದೆ. ಮೆಟ್ಟಿಲು ಬೇಡ, ಥ್ರೆಡ್ ಬೇಡ, ನಟ್ಟು ಬೇಡ, ಬಡಿಯುವ ಸುತ್ತಿಗೆಯೂ ಬೇಡ.

ಇನ್ನೊಂದು ಲಾಭವೂ ಇದೆ. ಹಳ್ಳಿಯ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿದ ಆ್ಯಂಗಲ್ ಕಬ್ಬಿಣದ ಚೌಕಟ್ಟು ನೂರಕ್ಕೆ ನೂರು ನೇರವಾಗಿರುವುದಿಲ್ಲ. ಎರಡು ಬೇರಿಂಗ್ ಒಂದೇ ಸಾಲಿನಲ್ಲಿ ಇಲ್ಲದಿದ್ದರೆ ಶಾಫ್ಟ್ ಬಿಗಿದು, ಕಾದು, ಬೇರಿಂಗ್ ಹೋಗುತ್ತದೆ. ಈ ಕಷ್ಟವನ್ನು ನೂರು ವರ್ಷಕ್ಕೂ ಹಿಂದೆ ಸ್ವೀಡನ್ನಿನ ಗೋಥೆನ್‌ಬರ್ಗ್ ಪಟ್ಟಣದ ಒಂದು ಬಟ್ಟೆ ಗಿರಣಿಯಲ್ಲಿ ಸ್ವೆನ್ ವಿಂಗ್‌ಕ್ವಿಸ್ಟ್ ಎಂಬ ಎಂಜಿನಿಯರ್ ಅನುಭವಿಸಿದ್ದ. ಜೇಡಿಮಣ್ಣಿನ ನೆಲ ಕುಸಿದು, ಕಟ್ಟಡ ವಾಲಿ, ಉದ್ದನೆಯ ಶಾಫ್ಟುಗಳು ಸಾಲು ತಪ್ಪಿ, ಬೇರಿಂಗುಗಳು ಮತ್ತೆ ಮತ್ತೆ ಹಾಳಾಗುತ್ತಿದ್ದವು. ನೆಲವನ್ನು ನೆಟ್ಟಗೆ ಮಾಡುವುದು ಅವನ ಕೈಯಲ್ಲಿರಲಿಲ್ಲ. ಅವನು ಶಾಫ್ಟಿನ ವಾಲಿಕೆಗೆ ತಾನೇ ಹೊಂದಿಕೊಳ್ಳುವ ಬೇರಿಂಗನ್ನು ರಚಿಸಿದ. ಅದು 1907. ಅದರಿಂದ ಹುಟ್ಟಿದ್ದೇ ಎಸ್‌ಕೆಎಫ್ ಕಂಪನಿ. ನಮ್ಮ ಪ್ಲಮ್ಮರ್ ಬ್ಲಾಕಿನಲ್ಲಿ ಬೇರಿಂಗಿನ ಹೊರಮೈ ಚೆಂಡಿನಂತೆ ದುಂಡಗಿರುತ್ತದೆ. ಕೂರಿಸುವಾಗ ಅದು ಸ್ವಲ್ಪ ಓರೆಯಾಗಿ ತನ್ನ ಜಾಗ ಹುಡುಕಿಕೊಳ್ಳುತ್ತದೆ. ಚೌಕಟ್ಟಿನ ನಿಖರತೆಗೆ ದುಡ್ಡು ಸುರಿಯುವ ಬದಲು ಚೌಕಟ್ಟಿನ ತಪ್ಪನ್ನು ಮನ್ನಿಸುವ ಭಾಗವನ್ನು ಆರಿಸಿಕೊಂಡರೆ ಸಾಕು.

ಈಗ ಕೀವೇ, ಅಂದರೆ ಪುಲ್ಲಿ ಶಾಫ್ಟಿನ ಮೇಲೆ ಜಾರಿ ಸುತ್ತದಂತೆ ಹಿಡಿಯುವ ಕೀಲಿಗೆ ಕಡಿದ ತೋಡು. ಹಳೆಯದರಲ್ಲಿ ಮೂರು ವ್ಯಾಸಕ್ಕೆ ಮೂರು ಅಗಲ: 8, 12, 14 ಮಿ.ಮೀ. ಅದೂ ಒಂದೊಂದು ಒಂದೊಂದು ದಿಕ್ಕಿಗೆ. ಮೂರು ಕಟ್ಟರ್ ಬದಲಿಸಬೇಕು, ಮೂರು ಸಲ ಶಾಫ್ಟನ್ನು ಬಿಚ್ಚಿ ತಿರುಗಿಸಿ ಹಿಡಿಯಬೇಕು. ಈಗ ವ್ಯಾಸ ಒಂದೇ ಆದ್ದರಿಂದ ಕೀಲಿಯೂ ಒಂದೇ, 10 ಮಿ.ಮೀ. ಅಗಲ. ಮೂರನ್ನೂ ಒಂದೇ ಸಾಲಿನಲ್ಲಿ ಇಟ್ಟೆವು. ಒಂದು ಸಲ ಕಟ್ಟಿದರೆ ಮೂರೂ ಮುಗಿಯಿತು. ಮೇಸ್ತ್ರಿ ಹೇಳಿದ ಮಾತು ನನಗೆ ನೆನಪಿದೆ: "ಕಡಿಯೋದಕ್ಕೆ ಹೊತ್ತು ಹಿಡಿಯಲ್ಲ ಮೇಷ್ಟ್ರೆ. ಬಿಚ್ಚಿ ಕಟ್ಟೋದ್ರಾಗೇ ಹೊತ್ತು ಹೋಗೋದು." ತಯಾರಿಕೆಯ ಖರ್ಚಿನ ಬಗ್ಗೆ ಇಷ್ಟು ಚೆನ್ನಾಗಿ ಹೇಳಿದ ವಾಕ್ಯವನ್ನು ನಾನು ಪಠ್ಯಪುಸ್ತಕದಲ್ಲಿ ಓದಿಲ್ಲ.

ಬಿಡಿಭಾಗಗಳ ಲೆಕ್ಕಕ್ಕೆ ಬರೋಣ. ಅಮೆರಿಕದಲ್ಲಿ ಜೆಫ್ರಿ ಬೂತ್‌ರಾಯ್ಡ್ ಮತ್ತು ಪೀಟರ್ ಡ್ಯೂಹರ್ಸ್ಟ್ ಎಂಬ ಇಬ್ಬರು ಪ್ರಾಧ್ಯಾಪಕರು ಜೋಡಣೆಯ ಖರ್ಚನ್ನೇ ಶಾಸ್ತ್ರವಾಗಿ ಅಭ್ಯಾಸ ಮಾಡಿದರು. 1991ರಲ್ಲಿ ಅವರಿಗೆ ಆ ದೇಶದ ರಾಷ್ಟ್ರೀಯ ತಂತ್ರಜ್ಞಾನ ಪದಕ ಸಿಕ್ಕಿತು. ಯಂತ್ರದ ಪ್ರತಿಯೊಂದು ಬಿಡಿಭಾಗಕ್ಕೂ ಮೂರು ಪ್ರಶ್ನೆ ಹಾಕಿ ಎಂದರು ಅವರು. ಯಂತ್ರ ನಡೆಯುವಾಗ ಈ ಭಾಗ ಉಳಿದವುಗಳಿಂದ ಬೇರೆಯಾಗಿ ಚಲಿಸಬೇಕೆ? ಇದು ಬೇರೆ ಲೋಹದ್ದೋ ಬೇರೆ ವಸ್ತುವಿನದೋ ಆಗಲೇಬೇಕೆ? ಬಿಚ್ಚಿ ಜೋಡಿಸಲು ಇದು ಪ್ರತ್ಯೇಕವಾಗಿ ಇರಲೇಬೇಕೆ? ಮೂರಕ್ಕೂ ಉತ್ತರ ಇಲ್ಲ ಎಂದಾದರೆ ಆ ಭಾಗವನ್ನು ಪಕ್ಕದ ಭಾಗದಲ್ಲಿ ಸೇರಿಸಿಬಿಡಬಹುದು, ಇಲ್ಲವೆ ತೆಗೆದೇ ಹಾಕಬಹುದು.

ನಮ್ಮ ಹಳೆಯ ಶಾಫ್ಟಿನಲ್ಲಿ ಬೇರಿಂಗಿಗೂ ಪುಲ್ಲಿಗೂ ನಡುವೆ ಒಂದು ಕೊಳವೆ ತುಂಡು ಇತ್ತು, ಎರಡನ್ನೂ ದೂರ ಇಡುವುದಕ್ಕೆ. ಅದಕ್ಕೆ ಈ ಮೂರು ಪ್ರಶ್ನೆ ಹಾಕಿದೆವು. ಮೂರಕ್ಕೂ ಇಲ್ಲ ಎಂಬ ಉತ್ತರವೇ ಬಂತು. ಕೊಳವೆ ಹೋಯಿತು. ಅದು ಹೋದ ಮೇಲೆ ಪುಲ್ಲಿಯನ್ನು ಬೇರಿಂಗಿನ ಪಕ್ಕಕ್ಕೇ ಸರಿಸಬಹುದಾಯಿತು. ಹೊರಚಾಚು ಸುಮಾರು ಅರ್ಧಕ್ಕೆ ಇಳಿಯಿತು. ಬೆಲ್ಟಿನ ಎಳೆತದಿಂದ ಬಾಗಿಸುವ ಬಲವೂ ಅರ್ಧವಾಯಿತು. ಒಂದು ಅನಗತ್ಯ ತುಂಡನ್ನು ತೆಗೆದದ್ದರಿಂದ ಶಾಫ್ಟಿನ ಆಯುಸ್ಸೇ ಹೆಚ್ಚಿತು. ಲಾಕ್ ನಟ್ಟುಗಳು, ವಾಷರುಗಳು, ಉಲ್ಟಾ ಥ್ರೆಡ್ಡು ಎಲ್ಲವೂ ಇದೇ ಪ್ರಶ್ನೆಗಳ ಮುಂದೆ ನಿಲ್ಲಲಾರದೆ ಹೋದವು. ಪುಲ್ಲಿ ಹೊರಕ್ಕೆ ಜಾರದಂತೆ ಶಾಫ್ಟಿನ ತುದಿಯಲ್ಲಿ ಒಂದು ಸಣ್ಣ ತೋಡು ಕಡಿದು ಸರ್ಕ್ಲಿಪ್ ಎಂಬ ಸ್ಪ್ರಿಂಗ್ ಉಂಗುರ ಹಾಕಿದೆವು. ಅದು ಪುಲ್ಲಿಯಿಂದಾಚೆಗೆ, ಹೊರೆಯೇ ಇಲ್ಲದ ಜಾಗದಲ್ಲಿ ಇದೆ. ಗಾಡಿಯ ಕಡಾಣಿಯ ಕೆಲಸವನ್ನೇ ಅದು ಮಾಡುತ್ತದೆ.

ಹೊಸ ಶಾಫ್ಟಿಗೆ ಲೇತಿನ ಮೇಲೆ ಉಳಿದ ಕೆಲಸ ಇಷ್ಟೆ: ಉದ್ದಕ್ಕೆ ಕತ್ತರಿಸಿ ತುದಿಗಳನ್ನು ಸಮ ಮಾಡುವುದು, ಎರಡು ತುದಿಯ ಅಂಚನ್ನೂ ಓರೆಯಾಗಿ ಸವರುವುದು, ಸರ್ಕ್ಲಿಪ್ಪಿನ ತೋಡು ಕಡಿಯುವುದು. ಅಂಚು ಸವರುವುದು ಸಣ್ಣ ಕೆಲಸ, ಆದರೆ ಬಿಡಬಾರದು. ಬೇರಿಂಗು, ಪುಲ್ಲಿ ತಡವರಿಸದೆ ಒಳಗೆ ಹೋಗುವುದು ಅದರಿಂದಲೇ. ಬೆಳಿಗ್ಗೆ ಸಲಾಕೆ ಕೊಟ್ಟೆವು. ಕೀವೇಯೂ ಸೇರಿ, ಮಧ್ಯಾಹ್ನದ ಊಟಕ್ಕೆ ಮೊದಲು ಶಾಫ್ಟ್ ಕೈಯಲ್ಲಿತ್ತು.

ಇಷ್ಟು ಕೇಳಿ ಯಾರಾದರೂ, ಸರಳ ಮಾಡುವುದೆಂದರೆ ಕಂಡದ್ದನ್ನೆಲ್ಲ ಕಿತ್ತುಹಾಕುವುದು ಎಂದು ತಿಳಿದರೆ ಅದು ಅಪಾಯ. ಎಲ್ಲಿ ಬಿಡಬಾರದು ಎಂಬುದನ್ನು ಒತ್ತಿ ಹೇಳುತ್ತೇನೆ.

ಮೆಟ್ಟಿಲು ಅನಿವಾರ್ಯವಾದರೆ ಅದರ ಮೂಲೆ ಎಂದೂ ಚೂಪಾಗಿರಬಾರದು, ದುಂಡಗಿರಬೇಕು. ಕಾಲುವೆಯ ನೀರು ಚೂಪು ತಿರುವಿನಲ್ಲಿ ದಂಡೆ ಕೊರೆಯುವ ಹಾಗೆ ಬಲವೂ ಚೂಪು ಮೂಲೆಯಲ್ಲಿ ಗುಂಪುಗೂಡಿ ಉಕ್ಕನ್ನು ಸೀಳುತ್ತದೆ. 1842ರ ಮೇ ತಿಂಗಳಲ್ಲಿ ಫ್ರಾನ್ಸಿನ ವರ್ಸೇಲ್ಸ್ ಬಳಿ ರೈಲು ಎಂಜಿನ್ನಿನ ಅಚ್ಚು ಮುರಿದು, ಬೆಂಕಿ ಹತ್ತಿ, ಬಹಳ ಮಂದಿ ಸತ್ತರು. ಮರುವರ್ಷವೇ ವಿಲಿಯಂ ರ‍್ಯಾಂಕಿನ್ ಎಂಬ ಸ್ಕಾಟ್ಲೆಂಡಿನ ತರುಣ ಎಂಜಿನಿಯರ್, ಮುರಿದ ಅಚ್ಚುಗಳನ್ನು ಪರೀಕ್ಷಿಸಿ, ಬಿರುಕು ಮೂಲೆಯಿಂದ ಹುಟ್ಟಿ ಸ್ವಲ್ಪ ಸ್ವಲ್ಪವಾಗಿ ಒಳಗೆ ಬೆಳೆಯುತ್ತದೆ, ಮೂಲೆಯನ್ನು ದೊಡ್ಡ ಬಾಗಿನಿಂದ ದುಂಡಗೆ ಮಾಡಿ ಎಂದು ತೋರಿಸಿಕೊಟ್ಟ. ಸೆಟ್ಟೂರಿನ ಶಾಫ್ಟಿನ ಮುರಿದ ಮುಖವನ್ನು ಬೆಳಕಿಗೆ ಹಿಡಿದಾಗ ನನಗೆ ಕಂಡಿದ್ದೂ ಅದೇ: ಅಂಚಿನಿಂದ ಒಳಗೆ ನಡೆದ ನುಣುಪು ಪಟ್ಟಿ, ಕೊನೆಗೆ ಒಂದೇ ಏಟಿಗೆ ಹರಿದ ಒರಟು ಭಾಗ. ಒಂದು ದುಂಡುಮೂಲೆಯ ಟೂಲು ಹಿಡಿಯಲು ಮೇಸ್ತ್ರಿಗೆ ಎರಡು ನಿಮಿಷ ಸಾಕು. ಆ ಎರಡು ನಿಮಿಷವನ್ನು ಉಳಿಸಲು ಹೋಗಬೇಡಿ.

ಬ್ರೈಟ್ ಬಾರಿಗೂ ಒಂದು ಗುಣವಿದೆ. ತಣ್ಣಗೆ ಎಳೆದ ಉಕ್ಕಿನೊಳಗೆ ಬಿಗುಪು ಅಡಗಿರುತ್ತದೆ. ಒಂದೇ ಬದಿಯಲ್ಲಿ ಕೀವೇ ಕಡಿದಾಗ ಆ ಬಿಗುಪು ಬಿಟ್ಟು ಸಲಾಕೆ ಸ್ವಲ್ಪ ಬಾಗಬಹುದು. ಕಡಿದ ಮೇಲೆ ಡಯಲ್ ಗೇಜ್ ಇಟ್ಟು ತಿರುಗಿಸಿ ನೋಡಿ, ಬಾಗಿದ್ದರೆ ನೆಟ್ಟಗೆ ಮಾಡಿಯೇ ಕೂರಿಸಬೇಕು. ಇನ್ನು ಡ್ರಮ್ಮಿನ ತಟ್ಟೆಗಳನ್ನು ಶಾಫ್ಟಿಗೆ ನೇರ ವೆಲ್ಡ್ ಮಾಡಿಬಿಡೋಣ, ಕೀಲಿ ಯಾಕೆ ಎಂದು ಕೆಲವರು ಕೇಳುತ್ತಾರೆ. ಇಂಥ ಶಾಫ್ಟುಗಳಿಗೆ ಬಳಸುವ ಇಎನ್-8ರಂಥ ಮಧ್ಯಮ ಇಂಗಾಲದ ಉಕ್ಕು ವೆಲ್ಡಿನ ಪಕ್ಕದಲ್ಲಿ ಗಡಸಾಗಿ ಬಿರುಕು ಬಿಡುತ್ತದೆ, ಕಾವಿಗೆ ಡೊಂಕಾಗುತ್ತದೆ. ಶಾಫ್ಟ್ ಹೋದ ದಿನ ಡ್ರಮ್ಮೂ ಹೋಗುತ್ತದೆ. ಮಾಡುವಾಗ ಅಗ್ಗ, ಬಾಳಿಸುವಾಗ ದುಬಾರಿ.

ನಿಖರತೆ ಬೇಕಾದ ಕಡೆ ನಿಖರತೆ ಕೊಡಲೇಬೇಕು. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಶಾಫ್ಟಿನ ಬೇರಿಂಗ್ ಜಾಗಕ್ಕೆ, ಎಣ್ಣೆ ಸೋರದಂತೆ ತಡೆಯುವ ಸೀಲಿನ ಜಾಗಕ್ಕೆ ಗ್ರೈಂಡಿಂಗ್ ಬೇಕು. ಆದರೆ ಗಾಳಿಯಲ್ಲಿ ತಿರುಗುವ, ಏನನ್ನೂ ಮುಟ್ಟದ ಭಾಗಕ್ಕೂ ಅದೇ ನಿಖರತೆ ಬರೆದರೆ ಆ ಶಾಫ್ಟ್ ಕಲ್ಯಾಣದುರ್ಗದಲ್ಲಿ ಆಗುವ ಕೆಲಸವಾಗಿ ಉಳಿಯುವುದಿಲ್ಲ. ಹಿಂದೂಪುರಕ್ಕೋ ಬೆಂಗಳೂರಿಗೋ ಹೋಗಬೇಕಾಗುತ್ತದೆ. ನಕ್ಷೆಯಲ್ಲಿ ಒಂದು ಸೊನ್ನೆ ಹೆಚ್ಚಿಗೆ ಬರೆಯಲು ನಮಗೆ ಕ್ಷಣ ಸಾಕು. ಆ ಸೊನ್ನೆಗೆ ದುಡ್ಡು ತೆರುವವನು ರೈತ.

ಕೊನೆಯದಾಗಿ ಸುರಕ್ಷತೆ. ತಿರುಗುವ ಶಾಫ್ಟಿನ ಮೇಲೆ ತಲೆ ಚಾಚಿದ ಬೋಲ್ಟು ಇರಬಾರದು. ಯಂತ್ರದ ಮುಂದೆ ಕೂತು ಕಾಯಿ ಸುರಿಯುವವರು, ಬೀಜ ಆರಿಸುವವರು ಹೆಚ್ಚಾಗಿ ಹೆಣ್ಣುಮಕ್ಕಳು. ಸೆರಗು, ಜಡೆ ಸಿಕ್ಕಿಕೊಂಡರೆ ಮೋಟಾರು ನಿಲ್ಲಿಸುವಷ್ಟೂ ಹೊತ್ತಿರುವುದಿಲ್ಲ. ಒಳಗೆ ಮುಳುಗುವ ಗ್ರಬ್ ಸ್ಕ್ರೂ ಹಾಕಿ, ಬೆಲ್ಟಿಗೂ ಶಾಫ್ಟಿನ ತುದಿಗೂ ತಗಡಿನ ಕವಚ ಹಾಕಿ. ಖರ್ಚು ಕಡಿಮೆ ಮಾಡುವ ಹೆಸರಲ್ಲಿ ಕವಚ ತೆಗೆದ ಯಂತ್ರವನ್ನು ಯಾರೂ ಕೊಳ್ಳಬೇಡಿ.

ಇದೇ ಶೇಂಗಾ ಬೆಳೆಗೆ ಸಂಬಂಧಿಸಿದ ದೂರದ ಸಂಗತಿಯೊಂದನ್ನು ಹೇಳುತ್ತೇನೆ. ಜಾಕ್ ಬ್ರಾಂಡಿಸ್ ಎಂಬವರು 2001ರಲ್ಲಿ ಆಫ್ರಿಕದ ಮಾಲಿ ದೇಶದ ಹಳ್ಳಿಯೊಂದಕ್ಕೆ ಹೋಗಿದ್ದಾಗ, ಹೆಂಗಸರು ಬೆರಳು ನೋಯುವಂತೆ ಕೈಯಲ್ಲೇ ಶೇಂಗಾ ಸುಲಿಯುವುದನ್ನು ಕಂಡರು. ಒಂದು ಯಂತ್ರ ಕಳಿಸುತ್ತೇನೆಂದು ಮಾತು ಕೊಟ್ಟರು. ತಕ್ಕ ಯಂತ್ರ ಎಲ್ಲೂ ಸಿಗದೆ ತಾವೇ ರಚಿಸಿದರು: ಕಾಂಕ್ರೀಟಿನಲ್ಲಿ ಎರಕ ಹೊಯ್ದ ಹೊರ ಬಟ್ಟಲು, ಅದರೊಳಗೆ ತಿರುಗುವ ಕಾಂಕ್ರೀಟಿನ ಗುಂಡು, ನಡುವೆ ಒಂದು ಉಕ್ಕಿನ ಸಲಾಕೆ, ಮೇಲೆ ಹಿಡಿಕೆ. ಲೇತೇ ಇಲ್ಲದ ಹಳ್ಳಿಯಲ್ಲೂ ಅದನ್ನು ಮಾಡಬಹುದು. ಇದು ಕೆಟ್ಟಾಗ ಆ ಊರಿನಲ್ಲೇ ಯಾರು ಸರಿಮಾಡುತ್ತಾರೆ ಎಂಬ ಪ್ರಶ್ನೆಗೆ ಆ ರಚನೆಯಲ್ಲೇ ಉತ್ತರವಿದೆ. ನಮಗೂ ಅದೇ ಮೊದಲ ಪ್ರಶ್ನೆಯಾಗಬೇಕು.

ನಮ್ಮ ನಾಡಿನಲ್ಲೇ ಇದಕ್ಕೆ ಹಿರಿಯ ಮಾದರಿಯಿದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಮುಂಬಯಿಯ ತಾಂತ್ರಿಕ ಸಂಸ್ಥೆಯಲ್ಲಿ ಯಂತ್ರಗಳ ನಕ್ಷೆ ಬರೆಯುವುದನ್ನು ಕಲಿಸುವ ಮೇಷ್ಟರಾಗಿದ್ದರು. ಅದನ್ನು ಬಿಟ್ಟು ಬೆಳಗಾವಿಗೆ ಬಂದು, ಕಣಕಿ ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡಿದರು. ಅವರ ನೇಗಿಲು 1903ರಲ್ಲಿ ಬಂತು. ಮೊದಮೊದಲು ರೈತರು ಅದನ್ನು ನಂಬದೆ ದೂರ ಇಟ್ಟರು, ಆಮೇಲೆ ಒಪ್ಪಿಕೊಂಡರು. ನಕ್ಷೆಯ ಹಾಳೆಯಿಂದ ಹೊಲಕ್ಕೆ ಇಳಿದ ಮೇಷ್ಟರು ಅವರು. ನನ್ನಂಥ ಎಲ್ಲ ಮೇಷ್ಟರಿಗೂ ಆ ದಾರಿ ತೆರೆದೇ ಇದೆ.

ಪಾಲಿಟೆಕ್ನಿಕ್, ಐ.ಟಿ.ಐ., ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದುವ ತರುಣರಿಗೆ ನನ್ನ ಬಿನ್ನಹ ಇದು. ಇವತ್ತು ಕಂಪ್ಯೂಟರಿನಲ್ಲಿ ಶಾಫ್ಟಿಗೆ ಹತ್ತು ಮೆಟ್ಟಿಲು ಹಾಕುವುದು ಒಂದು ಗಳಿಗೆಯ ಕೆಲಸ. ಹಾಕುವ ಮೊದಲು ಒಂದು ದಿನ ಲೇತಿನ ಪಕ್ಕದಲ್ಲಿ ನಿಂತು ನೋಡಿ. ಒಂದೊಂದು ಗೆರೆಯೂ ಅಲ್ಲಿ ಯಾರದೋ ಹೊತ್ತಾಗಿ, ಯಾರದೋ ದುಡ್ಡಾಗಿ, ಕಸದ ಡಬ್ಬಿಗೆ ಬೀಳುವ ಉಕ್ಕಿನ ಸುರುಳಿಯಾಗಿ ಮಾರ್ಪಡುವುದು ಕಾಣುತ್ತದೆ. ಸಲಾಕೆಯ ದಪ್ಪವನ್ನು ಮಾರುಕಟ್ಟೆಯಲ್ಲಿ ಸಿಗುವ ಅಳತೆಯಿಂದಲೇ ಆರಿಸಿ. ಬೇರಿಂಗ್ ನಂಬರನ್ನು ಕಲ್ಯಾಣದುರ್ಗದ ಅಂಗಡಿಯಲ್ಲೂ ಚಳ್ಳಕೆರೆಯ ಅಂಗಡಿಯಲ್ಲೂ ಸಿಗುವಂಥದ್ದನ್ನು ಹಾಕಿ. ಉಳಿಸಿಕೊಂಡ ಪ್ರತಿಯೊಂದು ಗೆರೆಗೂ ಯಾಕೆ ಎಂಬುದಕ್ಕೆ ಉತ್ತರ ನಿಮ್ಮಲ್ಲಿ ಇರಲಿ.

ರೈತ ಬಂಧುಗಳಿಗೆ ಒಂದು ಮಾತು. ಯಂತ್ರ ಕೊಳ್ಳುವಾಗ ಬಣ್ಣ ನೋಡಿ, ಮೋಟಾರು ನೋಡಿ. ಜೊತೆಗೆ ಶಾಫ್ಟಿನ ದಪ್ಪ ಎಷ್ಟು, ಬೇರಿಂಗ್ ನಂಬರ್ ಎಷ್ಟು, ಬಿಚ್ಚುವುದು ಹೇಗೆ ಎಂದು ಕೇಳಿ. ಮಾರುವವರು ಹೇಳಲಾರದಿದ್ದರೆ ಮುಂದಿನ ಅಂಗಡಿಗೆ ಹೋಗಿ. ಸೆಟ್ಟೂರಿನ ನಮ್ಮ ಯಂತ್ರದ ಚೌಕಟ್ಟಿನ ಮೇಲೆ ಅಣ್ಣ ಬಿಳಿ ಬಣ್ಣದಲ್ಲಿ ಎರಡು ಸಂಖ್ಯೆ ಬರೆದಿಟ್ಟಿದ್ದಾನೆ: 35, 207. ಮುಂದೆ ಎಂದಾದರೂ ಶಾಫ್ಟ್ ಹೋದರೆ ಮನೆಯ ಹುಡುಗನೊಬ್ಬ ಆ ಎರಡು ಸಂಖ್ಯೆ ಚೀಟಿಯಲ್ಲಿ ಬರೆದುಕೊಂಡು ಹೋದರೆ ಸಾಕು. ನಿಮ್ಮ ಯಂತ್ರಗಳ ಮೇಲೂ ಹಾಗೆ ಬರೆದಿಡಿ.